ದಂಡಿಗೆ ಹೋದ ಮುತ್ತಜ್ಜನನ್ನು ಎಲ್ಲಿ ಹುಡುಕೋದು?

ಹೋದ ಸಂಚಿಕೆಯಲ್ಲಿ ನನ್ನ ಅಜ್ಜಿಯ ಅಣ್ಣನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಮೊದಲ ಮಹಾಯುದ್ಧದ ಹೊತ್ತಿಗೆ ರಸ್ತೆ ಮಾಡುವ ಪಯನಿಯರ್ ಪಲ್ಟನ್ ಸೇರಿ ಹಡಗು ಹತ್ತಿದವನು, ಮತ್ತೆ ಬರಲಿಲ್ಲ, ಅಷ್ಟೇ. ಅದಕ್ಕೆ ಒಂದು ಚೀಲ ಪತ್ರ ಬಂದಿದೆ. ನಮ್ಮ ಮನೆಯಲ್ಲೂ ಒಬ್ಬರಿದ್ದರು, ನಮ್ಮಲ್ಲೂ ಒಬ್ಬರಿದ್ದರು ಅಂತ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು, ನಮ್ಮ ಕಡೆಯಿಂದ ಯುದ್ಧಕ್ಕೆ ಹೋಗಿ ಸತ್ತವರನ್ನು ಹುಡುಕುವ ವಿಷಯವನ್ನೇ ತೆಗೆದುಕೊಂಡಿದ್ದೇನೆ. ಕೆಲವರು ಹೆಸರು ಹಾಕಬೇಡಿ ಅಂದಿದ್ದಾರೆ. ಅದಕ್ಕೆ ಯಾರ ಹೆಸರೂ ಹಾಕಿಲ್ಲ, ಊರು ಮಾತ್ರ.

ಪ್ರಶ್ನೆ (ಚಿಕ್ಕಬಳ್ಳಾಪುರದಿಂದ): ನಮ್ಮ ತಾತನ ಅಪ್ಪ ‘ಜರ್ಮನ್ ಯುದ್ಧ’ಕ್ಕೆ ಹೋಗಿ ತೀರಿಕೊಂಡರಂತೆ. ಮುನಿಸ್ವಾಮಿ ಅನ್ನೋ ಹೆಸರು, ‘ಬಸ್ರಾ’ ಅನ್ನೋ ಒಂದು ಮಾತು, ಇವೆರಡು ಬಿಟ್ಟರೆ ಏನೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ದಯವಿಟ್ಟು ಮೊದಲೇ ಮೊಬೈಲ್ ಹಿಡಿದು ಕೂರಬೇಡಿ. ಅಟ್ಟ ಹತ್ತಿ. ಹಳೇ ಟ್ರಂಕು, ದೇವರ ಮನೆಯ ಗೂಡು, ಅಜ್ಜಿಯ ಸೀರೆ ಪೆಟ್ಟಿಗೆಯ ತಳ, ಇವೆಲ್ಲ ನೋಡಿ ಆದ ಮೇಲೆ ಇಂಟರ್‌ನೆಟ್. ಯಾಕೆ ಅಂದರೆ ನಿಮಗೆ ಬೇಕಾಗಿರುವುದು ಹೆಸರಿಗಿಂತ ಜಾಸ್ತಿ ನಂಬರು. ಮುನಿಸ್ವಾಮಿ ಅನ್ನುವವರು ಆಗಿನ ಪಲ್ಟನ್ನುಗಳಲ್ಲಿ ರಾಶಿ ಇದ್ದರು. ಅದನ್ನು ಬರೆದುಕೊಂಡ ಗುಮಾಸ್ತನಿಗೆ ಕನ್ನಡ ಬರುತ್ತಿತ್ತು ಅಂತಲೂ ಇಲ್ಲ, ಕಿವಿಗೆ ಬಿದ್ದ ಹಾಗೆ ಇಂಗ್ಲಿಷಿನಲ್ಲಿ ಗೀಚಿಕೊಂಡಿರುತ್ತಾನೆ. ಮುನಿಸಾಮಿ, ಮೂನೆಸ್ವಾಮಿ, ಮುನುಸಾಮಿ, ಯಾವುದೂ ಆಗಬಹುದು. ಸಿಪಾಯಿಯ ನಂಬರು ಹಾಗೆ ಬಾಯಿಂದ ಬಾಯಿಗೆ ಕೆಡುವುದಿಲ್ಲ.

ಆ ನಂಬರು ಸಿಗುವುದು ಮೆಡಲಿನ ಅಂಚಿನಲ್ಲಿ. ಮುಂಭಾಗದ ರಾಜನ ತಲೆ, ಹಿಂಭಾಗದ ಚಿತ್ರ ಎರಡನ್ನೂ ಬಿಡಿ, ಅವು ಎಲ್ಲರ ಮೆಡಲಿನಲ್ಲೂ ಒಂದೇ. ನಾಣ್ಯದ ಅಂಚು ನೋಡುವ ಹಾಗೆ ನಿಲ್ಲಿಸಿ ಹಿಡಿದು, ಪಕ್ಕದಿಂದ ಟಾರ್ಚ್ ಬಿಟ್ಟು, ನಿಧಾನಕ್ಕೆ ತಿರುಗಿಸಿ. ಸಣ್ಣ ಅಕ್ಷರಗಳಲ್ಲಿ ನಂಬರು, ದರ್ಜೆ, ಹೆಸರು, ಪಲ್ಟನ್ ಸಾಲಾಗಿ ಒತ್ತಿರುತ್ತಾರೆ. 1914-15ರ ನಕ್ಷತ್ರದ ಆಕಾರದ್ದಾದರೆ ಬೆನ್ನಿನ ಮೇಲೆ. ಬೇರೆಯವರ ಮನೆಯಲ್ಲಿ ಬೆಳ್ಳಿಯದಿದ್ದು ನಿಮ್ಮದು ಮಾತ್ರ ಕಂಚಿನದಾಗಿದ್ದರೆ ನಕಲಿ ಅಂದುಕೊಳ್ಳಬೇಡಿ. ಕೂಲಿ ದಳಗಳಲ್ಲಿ ಹೋದವರಿಗೆ ಅದೇ ಮೆಡಲನ್ನು ಕಂಚಿನಲ್ಲಿ ಮಾಡಿಸಿ ಕೊಟ್ಟರು. ಎರಡನೇ ಮಹಾಯುದ್ಧದ ಮೆಡಲುಗಳಿಗೆ ಬ್ರಿಟಿಷರು ತಮ್ಮ ಸೈನಿಕರ ಹೆಸರು ಒತ್ತುವುದನ್ನೇ ಬಿಟ್ಟರು, ಭಾರತೀಯರಿಗೆ ಕೊಟ್ಟವುಗಳಲ್ಲಿ ಮಾತ್ರ ಸಾಮಾನ್ಯವಾಗಿ ಹೆಸರಿರುತ್ತದೆ. ಅದೊಂದು ನಮ್ಮ ಪುಣ್ಯ. ನಂಬರು ಸಿಕ್ಕಿತು ಅಂತ ಕುಣಿಯುವ ಮೊದಲು ಪಲ್ಟನ್ ಹೆಸರನ್ನೂ ಬರೆದುಕೊಳ್ಳಿ. ಮೊದಲ ಯುದ್ಧದ ಕಾಲದಲ್ಲಿ ಒಂದೊಂದು ಪಲ್ಟನ್ನೂ ತನ್ನ ಲೆಕ್ಕದಲ್ಲೇ ನಂಬರು ಕೊಡುತ್ತಿತ್ತು. ಒಂದೇ ನಂಬರಿನ ಐದಾರು ಜನ ಐದಾರು ಕಡೆ ಇರುತ್ತಾರೆ.

ಇನ್ನೊಂದು, ಆಗ ನಿಮ್ಮ ಊರು ಯಾರ ಆಡಳಿತದಲ್ಲಿತ್ತು ಅನ್ನೋದು. ಇವತ್ತಿನ ಕರ್ನಾಟಕದ ನಕ್ಷೆ ಇಟ್ಟುಕೊಂಡು ಹುಡುಕಿದರೆ ದಾರಿ ತಪ್ಪುತ್ತೀರಿ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ. ಹಾಗಾಗಿ ದಾಖಲೆಯಲ್ಲಿ ಕೋಲಾರ ಅಂತಲೋ ಸುಮ್ನೆ ಮೈಸೂರು ಅಂತಲೋ ಇರುತ್ತದೆ. ಧಾರವಾಡ, ಬೆಳಗಾವಿ, ಬಿಜಾಪುರ ಮುಂಬೈ ಪ್ರಾಂತ್ಯಕ್ಕೆ, ಬಳ್ಳಾರಿ ಮತ್ತು ಮಂಗಳೂರು ಮದ್ರಾಸಿಗೆ, ರಾಯಚೂರು, ಗುಲ್ಬರ್ಗ, ಬೀದರ್ ನಿಜಾಮರಿಗೆ ಸೇರಿದ್ದವು. ಕೊಡಗಿನದು ಬೇರೆಯೇ ಪ್ರಾಂತ್ಯ. ಬೆಂಗಳೂರಿನೊಳಗೇ ಪೇಟೆ ಮಹಾರಾಜರದು, ದಂಡು (ಕಂಟೋನ್ಮೆಂಟ್) ಬ್ರಿಟಿಷರದು. ಸೇನೆಯೂ ಹಾಗೇ ಎರಡು. ಮೈಸೂರು ಲ್ಯಾನ್ಸರ್ಸ್ ಮಹಾರಾಜರ ಕುದುರೆ ಪಡೆ, ಈಜಿಪ್ಟ್, ಪ್ಯಾಲೆಸ್ಟೈನ್ ಕಡೆ ಇದ್ದರು, 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ ಹೈಫಾ ಪಟ್ಟಣ ಹಿಡಿದವರು ಇವರೇ. ಇಂಥವರ ವಿಷಯಕ್ಕೆ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸರ್ಕಾರದ ಹಳೇ ಕಡತ ನೋಡಬೇಕು. ಆದರೆ ಮೈಸೂರು ಸೀಮೆಯವರಾಗಿದ್ದೂ ದಂಡಿಗೆ ಹೋಗಿ ಮದ್ರಾಸ್ ಸ್ಯಾಪರ್ಸ್ ಅನ್ನುವ ಎಂಜಿನಿಯರ್ ದಳ ಸೇರಿದವರು, ಪಯನಿಯರ್ ಸೇರಿದವರು ಬಹಳ ಜನ. ಅವರು ಬ್ರಿಟಿಷ್ ಇಂಡಿಯಾ ಸೇನೆಯ ಲೆಕ್ಕ. ಬಸ್ರಾ ಅಂತೀರಲ್ಲ, ನಿಮ್ಮವರು ಈ ಎರಡನೇ ಗುಂಪಿನವರಿರಬೇಕು ಅಂತ ನನ್ನ ಊಹೆ.

ಹಾಗೇ ‘ಬಸ್ರಾ’ ಅನ್ನುವುದನ್ನೂ ಅಕ್ಷರಶಃ ತಗೋಬೇಡಿ. ಮೆಸಪೊಟೇಮಿಯಕ್ಕೆ, ಅಂದರೆ ಈಗಿನ ಇರಾಕಿಗೆ ಹೋದವರಲ್ಲಿ ಬಹುಪಾಲು ಜನ ಹಡಗಿಳಿದಿದ್ದು ಅಲ್ಲಿ. ಊರಿಗೆ ಬಂದ ಕಾಗದದಲ್ಲಿ ಇದ್ದಿದ್ದು ಆ ಹೆಸರು. ಸತ್ತಿದ್ದು ನಾನೂರು ಮೈಲಿ ಆಚೆಯೂ ಆಗಿರಬಹುದು.

ಇಷ್ಟು ಕೈಯಲ್ಲಿದ್ದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅನ್ನುವ ಸಂಸ್ಥೆಯ ವೆಬ್‌ಸೈಟ್ ತೆಗೆಯಿರಿ. 1917ರಲ್ಲಿ ಶುರುವಾದದ್ದು, ಎರಡೂ ಮಹಾಯುದ್ಧಗಳಲ್ಲಿ ಸತ್ತ ಸುಮಾರು 17 ಲಕ್ಷ ಜನರ ಪಟ್ಟಿ ಇದರ ಹತ್ತಿರ ಇದೆ, ಹುಡುಕೋಕೆ ದುಡ್ಡಿಲ್ಲ. ಹೆಸರಿನ ಜಾಗದಲ್ಲಿ ಹೆಸರು ಹಾಕಿ ಸಿಗಲಿಲ್ಲ ಅಂತ ಬಿಟ್ಟುಬಿಡುವವರೇ ಜಾಸ್ತಿ. ಹೆಸರನ್ನು ಖಾಲಿ ಬಿಡಿ. ಯಾವ ಸೇನೆ ಅನ್ನುವ ಕಡೆ ಇಂಡಿಯನ್ ಅಂತ ಆರಿಸಿ, ಹೆಚ್ಚುವರಿ ಮಾಹಿತಿ ಅನ್ನುವ ಜಾಗದಲ್ಲಿ ಊರಿನದೋ ತಾಲೂಕಿನದೋ ಹೆಸರನ್ನು ಆಗಿನ ಇಂಗ್ಲಿಷ್ ಕಾಗುಣಿತದಲ್ಲಿ ಹಾಕಿ. ಅಲ್ಲಿ ಇಂಥವರ ಮಗ, ಇಂಥ ಊರು, ಇಂಥ ಜಿಲ್ಲೆ ಅಂತ ಬರೆದಿರುತ್ತಾರೆ, ಎಲ್ಲರಿಗೂ ಅಲ್ಲ, ಕೆಲವರಿಗೆ. ನನ್ನ ಅಜ್ಜಿಯ ಅಣ್ಣ ಸಿಕ್ಕಿದ್ದು ಹೀಗೆ. ಹೆಸರಿನಲ್ಲಿ ಎರಡು ಅಕ್ಷರ ತಪ್ಪು, ಅವರಪ್ಪನ ಹೆಸರು ಪೂರ್ತಿ ಸರಿ, ಊರಿನ ಹೆಸರನ್ನು ನಾನೇ ಜೋರಾಗಿ ಮೂರು ಸಲ ಓದಿದ ಮೇಲೆ ಗುರುತು ಸಿಕ್ಕಿತು. ನೀವೂ ಹಾಗೇ ಬಾಯಿಬಿಟ್ಟು ಓದಿ. ಕಣ್ಣಿಗೆ ತಿಳಿಯದ್ದು ಕಿವಿಗೆ ತಿಳಿಯುತ್ತದೆ, ಬರೆದವನೂ ಕಿವಿಯಲ್ಲೇ ಬರೆದದ್ದಲ್ವಾ.

ಪ್ರಶ್ನೆ (ತುಮಕೂರಿನಿಂದ): ನಮ್ಮ ಮನೆಯಲ್ಲಿ ಅಂಗೈ ಅಗಲದ, ತೂಕದ ಒಂದು ಕಂಚಿನ ಬಿಲ್ಲೆ ಇದೆ. ಒಬ್ಬ ಹೆಂಗಸು, ಪಕ್ಕದಲ್ಲಿ ಸಿಂಹ. ಅಮ್ಮ ಅದನ್ನು ಇಷ್ಟು ವರ್ಷ ಮೊಸರಿನ ಪಾತ್ರೆಗೆ ಮುಚ್ಚುತ್ತಿದ್ದರು. ಇದು ದೇವಿಯ ವಿಗ್ರಹವಾ, ಇಟ್ಟುಕೊಳ್ಳಬಹುದಾ?

ಉತ್ತರ: ದೇವಿ ಅಲ್ಲ. ಅವಳು ಬ್ರಿಟಾನಿಯಾ, ಬ್ರಿಟನ್ ದೇಶವನ್ನೇ ಹೆಂಗಸಿನ ರೂಪದಲ್ಲಿ ತೋರಿಸುವ ಚಿತ್ರ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಕಡೆ ಸತ್ತ ಪ್ರತಿಯೊಬ್ಬರ ಹತ್ತಿರದ ಬಂಧುವಿಗೂ ಕಳಿಸಿದ ಬಿಲ್ಲೆ ಇದು. ಅಗಲ ಸುಮಾರು 12 ಸೆಂಟಿಮೀಟರ್, ಒಟ್ಟು 13 ಲಕ್ಷಕ್ಕೂ ಹೆಚ್ಚು ಮಾಡಿಸಿದರು. ಅಲ್ಲಿನ ಜನ ಇದಕ್ಕೆ ‘ಸತ್ತವನ ಪೆನ್ನಿ’ ಅಂತ ಅಡ್ಡಹೆಸರಿಟ್ಟಿದ್ದರು, ಅವರ ಪೆನ್ನಿ ನಾಣ್ಯದ ಥರ ಕಾಣುತ್ತದೆ ಅಂತ. ಅಂಚಿನ ಸುತ್ತ ಇರುವ ಇಂಗ್ಲಿಷ್ ಸಾಲಿನ ಅರ್ಥ, ಸ್ವಾತಂತ್ರ್ಯಕ್ಕಾಗಿ ಮಾನಕ್ಕಾಗಿ ಇವನು ಸತ್ತ ಅಂತ. ಯಾರ ಸ್ವಾತಂತ್ರ್ಯ ಅಂತ ಕೇಳಬೇಡಿ, ನನಗೂ ಪ್ರತಿ ಸಲ ಅಲ್ಲಿ ಕಣ್ಣು ನಿಲ್ಲುತ್ತದೆ.

ಸಿಂಹದ ತಲೆಯ ಮೇಲ್ಭಾಗದಲ್ಲಿ ಒಂದು ಚೌಕದಲ್ಲಿ ಉಬ್ಬಕ್ಷರದ ಹೆಸರಿದೆ ನೋಡಿ. ಬರೀ ಹೆಸರು, ದರ್ಜೆ ಇಲ್ಲ. ದೊಡ್ಡ ಅಧಿಕಾರಿಗೂ ಸಿಪಾಯಿಗೂ ವ್ಯತ್ಯಾಸ ಕಾಣಬಾರದು ಅಂತಲೇ ಹಾಗೆ ಮಾಡಿದ್ದು. ಸಿಂಹದ ಹಿಂಗಾಲಿನ ಹತ್ತಿರ ಒಂದು ಪುಟ್ಟ ಅಂಕಿ ಇರಬಹುದು. ಅದು ಸಿಪಾಯಿ ನಂಬರಲ್ಲ, ಬಿಲ್ಲೆ ತಯಾರಾದ ಕಡೆ ಹಾಕಿದ ಗುರುತು. ಅದನ್ನು ನಂಬಿಕೊಂಡು ಹುಡುಕಿ ಎರಡು ವಾರ ಹಾಳು ಮಾಡಿಕೊಂಡವರು ಒಬ್ಬರು ನನಗೆ ಗೊತ್ತು (ನಾನೇ).

ಖಂಡಿತ ಇಟ್ಟುಕೊಳ್ಳಿ. ಮೊಸರಿನ ಪಾತ್ರೆಗೆ ಮಾತ್ರ ಬೇರೆ ತಟ್ಟೆ ಹುಡುಕಿ, ಹುಳಿ ಕಂಚನ್ನು ತಿನ್ನುತ್ತದೆ. ಹುಣಸೆಹಣ್ಣು ಹಾಕಿ ಫಳಫಳ ಅನ್ನುವ ಹಾಗೆ ಉಜ್ಜಲೂಬೇಡಿ. ಅಮ್ಮ ಹಬ್ಬಹಬ್ಬಕ್ಕೂ ಉಜ್ಜಿದ್ದಾರೆ ಅಂತ ಪತ್ರದಲ್ಲಿ ಬರೆದಿದ್ದೀರಿ, ಹೆಸರಿನ ಕೊನೆಯ ಅಕ್ಷರಗಳು ಸವೆದಿರುವುದು ಅದಕ್ಕೇ. ಒಣಬಟ್ಟೆಯಲ್ಲಿ ಒರೆಸಿ, ಅಷ್ಟೇ ಸಾಕು. ಅಮ್ಮನನ್ನು ಬಯ್ಯಬೇಡಿ. ನೂರು ವರ್ಷ ಅದನ್ನು ಗುಜರಿಗೆ ಹಾಕದೆ ಉಳಿಸಿದ್ದು ಆ ಮೊಸರಿನ ಪಾತ್ರೆಯೇ.

ಪ್ರಶ್ನೆ (ಬೆಂಗಳೂರಿನಿಂದ): ಮುತ್ತಾತ ಪಟ್ಟಿಯಲ್ಲಿ ಸಿಕ್ಕಿದರು, ಆದರೆ ಅವರ ಹೆಸರಿನ ಜಾಗದಲ್ಲಿ ಅವರಪ್ಪನ ಹೆಸರಿದೆ. ಬಸ್ರಾ ಸ್ಮಾರಕದ ಕಲ್ಲಿನಲ್ಲಿ ಅವರ ಹೆಸರೇ ಇಲ್ಲವಂತೆ. ಸರಿ ಮಾಡಿಸಬಹುದಾ?

ಉತ್ತರ: ಪಟ್ಟಿಯ ತಪ್ಪನ್ನು ಸರಿ ಮಾಡಿಸಬಹುದು. ಕಮಿಷನ್‌ಗೆ ಬರೆಯಬೇಕು, ಜೊತೆಗೆ ಆ ಕಾಲದ್ದೇ ಒಂದು ಪುರಾವೆ ಕೊಡಬೇಕು. ಮೆಡಲಿನ ಅಂಚಿನ ಫೋಟೋ, ಪಿಂಚಣಿ ಕಾಗದ, ಸೇನೆಯಿಂದ ಬಂದ ಪತ್ರ, ಇಂಥದ್ದು. ನಮ್ಮ ತಾತ ಹೇಳುತ್ತಿದ್ದರು ಅನ್ನುವುದು ಅವರಿಗೆ ಸಾಲುವುದಿಲ್ಲ. ಉತ್ತರ ಬರಲು ತಿಂಗಳುಗಳೇ ಹಿಡಿಯಬಹುದು, ತಾಳ್ಮೆ ಇರಲಿ.

ಕಲ್ಲಿನ ವಿಷಯ ಬೇರೆ, ಅದು ಬರೆಯುವಾಗ ಹೊಟ್ಟೆ ಉರಿಯುತ್ತದೆ. ಬಸ್ರಾ ಸ್ಮಾರಕ 1929ರಲ್ಲಿ ಆದದ್ದು. ಮೆಸಪೊಟೇಮಿಯದಲ್ಲಿ ಸತ್ತು, ಗೋರಿ ಎಲ್ಲಿದೆ ಅಂತ ಗೊತ್ತಿಲ್ಲದ 40,000ಕ್ಕೂ ಹೆಚ್ಚು ಜನರ ನೆನಪಿಗೆ. ಅವರಲ್ಲಿ ಬಹುಪಾಲು ಭಾರತೀಯರು. ಬ್ರಿಟಿಷ್ ಸೈನಿಕರೆಲ್ಲರ ಹೆಸರು ಕೆತ್ತಿದರು. ಭಾರತೀಯರಲ್ಲಿ ಜಮಾದಾರ, ಸುಬೇದಾರ ದರ್ಜೆಯವರ ಹೆಸರು ಕೆತ್ತಿದರು. ಹವಾಲ್ದಾರನಿಂದ ಕೆಳಗಿನವರದು ಪಲ್ಟನ್ ಹೆಸರಿನ ಕೆಳಗೆ ‘ಮತ್ತು ಇಷ್ಟು ಜನ’ ಅಂತ ಒಂದು ಅಂಕಿ. ನಿಮ್ಮ ಮುತ್ತಾತ ಆ ಅಂಕಿಯೊಳಗೆ ಒಬ್ಬರು. ನನ್ನ ಅಜ್ಜಿಯ ಅಣ್ಣನೂ ಅಷ್ಟೇ.

ಇದು ಅಂದಾಜಿನ ಆರೋಪವಲ್ಲ. ಕಮಿಷನ್ ತಾನೇ 2021ರ ಏಪ್ರಿಲ್‌ನಲ್ಲಿ ಒಂದು ವರದಿ ಹೊರಗಿಟ್ಟು ಒಪ್ಪಿಕೊಂಡಿದೆ. ಭಾರತ, ಆಫ್ರಿಕಾ, ಈಜಿಪ್ಟ್ ಕಡೆಯ 45,000ದಿಂದ 54,000 ಜನರನ್ನು ಬೇರೆಯವರಿಗೆ ಸಮನಾಗಿ ಸ್ಮರಿಸಲಿಲ್ಲ, ಇನ್ನೂ ಕನಿಷ್ಠ 1,16,000 ಜನರನ್ನು, ಬಹುಶಃ 3,50,000ದವರೆಗೂ, ಹೆಸರು ಹಿಡಿದು ಸ್ಮರಿಸಲೇ ಇಲ್ಲ ಅಂತ. ಆಮೇಲಿಂದ ಹಳೇ ಹೆಸರಿನ ಪಟ್ಟಿಗಳನ್ನು ತೆಗೆದು ಹೆಸರು ಸೇರಿಸುವ ಕೆಲಸ ನಡೆಯುತ್ತಿದೆ. ಹಾಗಾಗಿ ಐದು ವರ್ಷದ ಹಿಂದೆ ಹುಡುಕಿ ಸಿಗದಿದ್ದವರು ಇನ್ನೊಂದು ಸಲ ಹುಡುಕಿ. ಕಲ್ಲನ್ನು ನೋಡಲು ಹೋಗುವ ಯೋಚನೆ ಇದ್ದರೆ ಇನ್ನೊಂದು ವಿಷಯ: 1997ರಲ್ಲಿ ಇರಾಕ್ ಸರ್ಕಾರ ಆ ಸ್ಮಾರಕವನ್ನು ಬಿಚ್ಚಿ ಬಸ್ರಾದಿಂದ 32 ಕಿಲೋಮೀಟರ್ ದೂರ, ನಾಸಿರಿಯಾ ರಸ್ತೆಗೆ ಸಾಗಿಸಿತು. ಹಳೇ ಪುಸ್ತಕದ ವಿಳಾಸ ಹಿಡಿದು ಹೋದರೆ ಅಲ್ಲಿ ಏನೂ ಇರುವುದಿಲ್ಲ.

ದೆಹಲಿಯ ಇಂಡಿಯಾ ಗೇಟಿನ ಮೇಲೆ ಹುಡುಕಿದೆವು, ಸಿಗಲಿಲ್ಲ ಅಂತಲೂ ಬರೆದಿದ್ದೀರಿ. ಸಿಗೋದಿಲ್ಲ. 1931ರಲ್ಲಿ ಉದ್ಘಾಟನೆಯಾದ ಆ ಗೇಟು 70,000ಕ್ಕೂ ಹೆಚ್ಚು ಜನರ ನೆನಪಿಗೆ ಅಂತ ಕಟ್ಟಿದ್ದಾದರೂ ಅದರ ಮೇಲೆ ಹೆಸರಿರುವುದು 13,000ದಷ್ಟು ಜನರದು, ಮುಖ್ಯವಾಗಿ ವಾಯವ್ಯ ಗಡಿಯಲ್ಲಿ, 1919ರ ಆಫ್ಘನ್ ಯುದ್ಧದಲ್ಲಿ ಸತ್ತವರದು.

ಪ್ರಶ್ನೆ (ಮಂಡ್ಯದಿಂದ): ಅವರ ಅಸ್ಥಿಯನ್ನು ಈಗಲಾದರೂ ಊರಿಗೆ ತರಿಸಬಹುದಾ?

ಉತ್ತರ: ಇಲ್ಲ. ಸತ್ತಲ್ಲೇ ಮಣ್ಣು ಅನ್ನುವುದು ಮೊದಲ ಯುದ್ಧದಿಂದಲೂ ಬ್ರಿಟಿಷರ ನಿಯಮ, ದೊಡ್ಡವರ ಮಕ್ಕಳಿಗೂ ಸಡಿಲಿಸಲಿಲ್ಲ. ಜೊತೆಗೆ ಹಿಂದೂ ಸೈನಿಕರಾದರೆ ದಹನ ಮಾಡಿರುತ್ತಾರೆ, ತರೋದಕ್ಕೆ ಏನೂ ಉಳಿದಿರುವುದಿಲ್ಲ.

ಪ್ರಶ್ನೆ (ಮೈಸೂರಿನಿಂದ): ಸತ್ತ ತಿಥಿ ಗೊತ್ತಿಲ್ಲದೆ ನಮ್ಮ ಮನೆಯಲ್ಲಿ ಯಾರೂ ಅವರಿಗೆ ಏನೂ ಮಾಡಿಲ್ಲ. ಈಗ ಮಾಡಬಹುದಾ? ಯಾವತ್ತು?

ಉತ್ತರ: ನಾನು ಪುರೋಹಿತನಲ್ಲ. ಆದರೆ ಇದಕ್ಕೆ ಹಿಂದಿನವರೇ ದಾರಿ ಮಾಡಿಟ್ಟಿದ್ದಾರೆ. ಪಿತೃಪಕ್ಷದ ಚತುರ್ದಶಿ, ಅಂದರೆ ಮಹಾಲಯ ಅಮಾವಾಸ್ಯೆಯ ಹಿಂದಿನ ತಿಥಿ, ಆಯುಧದಿಂದ ಸತ್ತವರಿಗೆ, ಯುದ್ಧದಲ್ಲಿ ಸತ್ತವರಿಗೆ ಅಂತಲೇ ಇರುವುದು. ಪಂಚಾಂಗದಲ್ಲಿ ಘಾತ ಚತುರ್ದಶಿ ಅಂತ ಹಾಕಿರುತ್ತಾರೆ. ಶ್ರಾದ್ಧದ ಪದ್ಧತಿ ಇಲ್ಲದ ಮನೆಗಳಲ್ಲಿ ಹಿರಿಯರ ಹಬ್ಬಕ್ಕೆ ಎಡೆ ಇಡುವಾಗ ಅವರ ಹೆಸರಿನಲ್ಲೊಂದು ಎಲೆ ಹಾಕಿದರೆ ಆಯಿತು.

ದಾಖಲೆಯಲ್ಲಿ ತಾರೀಕು ಸಿಕ್ಕಿದರೆ ಅದರಿಂದ ತಿಥಿ ಲೆಕ್ಕ ಹಾಕಿಸಬಹುದು ಅಂತ ಇನ್ನೊಬ್ಬರು ಬರೆದಿದ್ದಾರೆ. ಹಾಕಿಸಬಹುದು, ಆದರೆ ಆ ತಾರೀಕನ್ನು ಪೂರ್ತಿ ನಂಬಬೇಡಿ. ಮೆಸಪೊಟೇಮಿಯದಲ್ಲಿ ಕುಟ್ ಅಂತ ಒಂದು ಊರಿದೆ, ಟೈಗ್ರಿಸ್ ನದಿಯ ದಂಡೆಯಲ್ಲಿ. ಅಲ್ಲಿ 1915ರ ಡಿಸೆಂಬರ್‌ನಿಂದ ತುರ್ಕಿಯವರು ಮುತ್ತಿಗೆ ಹಾಕಿ, 1916ರ ಏಪ್ರಿಲ್ 29ರಂದು ಬ್ರಿಟಿಷರ ಕಡೆಯ ಸುಮಾರು 13,000 ಜನ ಶರಣಾದರು. ಬೆಳಗಾವಿ, ಧಾರವಾಡ ಕಡೆಯವರು ಸೇರುತ್ತಿದ್ದ ಮರಾಠಾ ಪಲ್ಟನ್ನುಗಳಲ್ಲಿ ಮೂರು ಅದರಲ್ಲಿದ್ದವು, 103, 110, 117. ಶರಣಾದವರನ್ನು ಮರುಭೂಮಿಯಲ್ಲಿ ನಡೆಸಿಕೊಂಡು ಹೋದರು. ದಾರಿಯಲ್ಲಿ ಬಿದ್ದವನು ಸತ್ತ ದಿನವನ್ನು ಯಾರು ಬರೆದುಕೊಳ್ಳುತ್ತಾರೆ? ಇಂಥವರಿಗೆ ಎಷ್ಟೋ ಸಲ ಆಫೀಸಿನಲ್ಲಿ ಕೂತವರು ಅಂದಾಜಿಗೆ ಒಂದು ತಾರೀಕು ಹಾಕಿದ್ದಾರೆ. ಒಂದೇ ಪಲ್ಟನ್ನಿನ ಹತ್ತಾರು ಜನರಿಗೆ ಒಂದೇ ದಿನ, ಅದೂ ತಿಂಗಳ ಕೊನೆ ದಿನ ಇದ್ದರೆ ನನಗೆ ಅನುಮಾನ ಬರುತ್ತದೆ. ಚತುರ್ದಶಿಯೇ ವಾಸಿ.

ಪ್ರಶ್ನೆ (ಹಾಸನದಿಂದ): ಗುಂಡಿಗೆ ಎದೆಯೊಡ್ಡಿ ಸತ್ತರು ಅಂತ ನಮ್ಮ ಸೋದರತ್ತೆ ಚಿಕ್ಕಂದಿನಿಂದ ಕಥೆ ಹೇಳುತ್ತಿದ್ದರು. ಹುಡುಕಿದಾಗ ಆಸ್ಪತ್ರೆಯಲ್ಲಿ ಭೇದಿಯಾಗಿ ಸತ್ತಿದ್ದು ಅಂತ ಗೊತ್ತಾಯಿತು. ಅತ್ತೆಗೆ ಹೇಳಿದೆ. ಮೂರು ತಿಂಗಳಿಂದ ನನ್ನ ಜೊತೆ ಮಾತಾಡುತ್ತಿಲ್ಲ.

ಉತ್ತರ: ನೀವು ಹೇಳಿದ್ದು ತಪ್ಪಲ್ಲ, ಹೇಳಿದ ಹೊತ್ತು ತಪ್ಪಿರಬಹುದು. ಮನೆ ತುಂಬ ಜನ ಸೇರಿದ್ದ ಗೃಹಪ್ರವೇಶದ ದಿನ ಹೇಳಿದೆ ಅಂತ ನೀವೇ ಬರೆದಿದ್ದೀರಿ, ಅದ್ಯಾಕೆ ಮಾರಾಯ್ರೆ?

ಮೆಸಪೊಟೇಮಿಯದಲ್ಲಿ ಗುಂಡಿಗೆ ಸತ್ತವರಷ್ಟೇ ಜನ ರೋಗಕ್ಕೂ ಸತ್ತಿದ್ದಾರೆ. ಕಾಲರಾ, ಆಮಶಂಕೆ, ಮಲೇರಿಯಾ, ಬಿಸಿಲ ಝಳ. ಕುಟ್ ಒಳಗಿದ್ದ ಭಾರತೀಯ ಸಿಪಾಯಿಗಳಿಗೆ ತರಕಾರಿ ಇಲ್ಲದೆ ಸ್ಕರ್ವಿ ಬಂದು ಹಲ್ಲಿನ ಬುಡದಲ್ಲಿ ರಕ್ತ ಒಸರುತ್ತಿತ್ತು. ಔಷಧಿ, ದೋಣಿ, ಡಾಕ್ಟರು ಯಾವುದೂ ಸಾಲದೆ ಗಾಯಾಳುಗಳನ್ನು ದಿನಗಟ್ಟಲೆ ಹಡಗಿನ ಡೆಕ್ಕಿನ ಮೇಲೆ ಬಿಸಿಲಲ್ಲಿ ಬಿಟ್ಟಿದ್ದು ಆಮೇಲೆ ಲಂಡನ್ನಿನಲ್ಲಿ ದೊಡ್ಡ ವಿಚಾರಣೆಗೇ ಕಾರಣವಾಯಿತು. ಇದರಲ್ಲಿ ಸತ್ತವನದು ಕಡಿಮೆ ಸಾವಾ? ಕಮಿಷನ್ ಕೂಡ ಹೇಗೆ ಸತ್ತರು ಅಂತ ನೋಡುವುದಿಲ್ಲ. 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರೊಳಗೆ ಸೇವೆಯಲ್ಲಿದ್ದು ಸತ್ತರೆ ಲೆಕ್ಕಕ್ಕೆ ಬರುತ್ತಾರೆ. ಎರಡನೇ ಯುದ್ಧಕ್ಕೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31. ಊರಿಗೆ ಬಂದು ಆ ಕಾಯಿಲೆಯಿಂದಲೇ ಈ ಅವಧಿಯೊಳಗೆ ತೀರಿಕೊಂಡವರೂ ಸೇರಬಹುದು.

ಅತ್ತೆಯ ಹತ್ತಿರ ಒಬ್ಬರೇ ಹೋಗಿ. ತಿದ್ದುವುದಕ್ಕಲ್ಲ, ಕೇಳುವುದಕ್ಕೆ. ಆ ಗುಂಡಿನ ಕಥೆ ಅವರಿಗೆ ಯಾರು ಹೇಳಿದ್ದು, ಯಾವಾಗ, ತಾರು ಬಂದಾಗ ಮನೆಯಲ್ಲಿ ಯಾರಿದ್ದರು, ಅದನ್ನು ಓದಿ ಹೇಳಿದ್ದು ಯಾರು, ಹೆಂಡತಿಗೆ ಪಿಂಚಣಿ ಬರುತ್ತಿತ್ತಾ, ತರಲು ಎಲ್ಲಿಗೆ ಹೋಗುತ್ತಿದ್ದರು. ಹೀಗೆ ಕೇಳಿದರೆ ಕಥೆ ಸುಳ್ಳಾದರೂ ಕಥೆಯ ಸುತ್ತ ಇರುವ ನಿಜ ಹೊರಗೆ ಬರುತ್ತದೆ. ಎರಡನ್ನೂ ಬರೆದಿಡಿ, ಅತ್ತೆ ಹೇಳಿದ್ದು ಇದು, ಕಾಗದ ಹೇಳಿದ್ದು ಇದು ಅಂತ. ಒಂದನ್ನು ಅಳಿಸಬೇಡಿ.

ಪ್ರಶ್ನೆ (ಧಾರವಾಡದಿಂದ): ನಮ್ಮಜ್ಜ ಸಿಂಗಾಪುರದಾಗ ಸೆರೆ ಸಿಕ್ಕಿದ್ದು ಖರೆ. ಆಮೇಲೆ ನೇತಾಜಿ ಸೈನ್ಯ ಸೇರಿದರು ಅಂತ ಕೆಲವರು, ಇಲ್ಲ ಜಪಾನಿನವರ ಕೈಯಾಗ ಸತ್ತರು ಅಂತ ಕೆಲವರು. ಯಾವುದು ನಿಜ ಅಂತ ತಿಳಿಯೋದು ಹೆಂಗ್ರಿ?

ಉತ್ತರ: ಎರಡೂ ನಿಜ ಆಗಿರಬಹುದು ಸರ್. ಸಿಂಗಾಪುರ ಬಿದ್ದದ್ದು 1942ರ ಫೆಬ್ರವರಿ 15. ಎರಡು ದಿನ ಬಿಟ್ಟು ಫಾರರ್ ಪಾರ್ಕ್ ಅನ್ನುವ ಮೈದಾನದಲ್ಲಿ ಸುಮಾರು 45,000 ಭಾರತೀಯ ಸೈನಿಕರನ್ನು ಸೇರಿಸಿ ಜಪಾನಿಯರಿಗೆ ಒಪ್ಪಿಸಿದರು. ಅವರಲ್ಲಿ ಬಹಳ ಜನ ಆಜಾದ್ ಹಿಂದ್ ಫೌಜ್ ಸೇರಿದರು. ಸೇರದವರನ್ನು, ಸೇರಿ ಆಮೇಲೆ ಹೊರಬಂದವರನ್ನು ಹಡಗಿನಲ್ಲಿ ತುಂಬಿ ನ್ಯೂಗಿನಿ, ರಬೌಲ್ ಕಡೆ ಕೂಲಿಗೆ ಕಳಿಸಿದರು, ಅಲ್ಲಿ ಹಸಿವಿಗೆ, ಹೊಡೆತಕ್ಕೆ ಸಾವಿರಾರು ಜನ ಸತ್ತರು. ಅವರ ವಿಷಯ ನಮ್ಮಲ್ಲಿ ಮಾತಾಡುವವರೇ ಕಡಿಮೆ. ಎರಡು ಕಡೆ ನೋಡಿ. ಸಿಂಗಾಪುರದ ಕ್ರಾಂಜಿ ಸ್ಮಾರಕದ 24,000 ಹೆಸರುಗಳು ಮೇಲೆ ಹೇಳಿದ ವೆಬ್‌ಸೈಟಿನಲ್ಲೇ ಇವೆ. ಫೌಜಿನ ಕಡತಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಅವರ ಅಭಿಲೇಖ್ ಪಟಲ್ ಅನ್ನುವ ವೆಬ್‌ಸೈಟಿನಲ್ಲಿ ಮನೆಯಿಂದಲೇ ಹುಡುಕಬಹುದು. ಬರ್ಮಾದಲ್ಲಿ ಹೋದವರಾದರೆ ರಂಗೂನಿನ ಹತ್ತಿರದ ಟೌಕ್ಯಾನ್ ಸ್ಮಾರಕ, ಅಲ್ಲಿ ಸುಮಾರು 27,000 ಹೆಸರು.

ಪ್ರಶ್ನೆ (ಮಡಿಕೇರಿಯಿಂದ): ದೊಡ್ಡಪ್ಪ 1962ರ ಚೀನಾ ಯುದ್ಧದಲ್ಲಿ ‘ಕಾಣೆಯಾಗಿದ್ದಾರೆ’ ಅಂತ ತಾರು ಬಂತು. ಆಮೇಲೆ ‘ಮೃತರೆಂದು ಭಾವಿಸಲಾಗಿದೆ’ ಅಂತ ಒಂದು ಕಾಗದ. ದೊಡ್ಡಮ್ಮ ಸಾಯುವವರೆಗೂ ನಂಬಲಿಲ್ಲ. ಅವರ ಹೆಸರು ಎಲ್ಲಾದರೂ ಇದೆಯಾ?

ಉತ್ತರ: 1947ರ ನಂತರದವರಿಗೆ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ ಇದೆ, 2019ರ ಫೆಬ್ರವರಿ 25ರಂದು ಉದ್ಘಾಟನೆಯಾಯಿತು. ಅದರ ತ್ಯಾಗ ಚಕ್ರ ಅನ್ನುವ ಸುತ್ತಿನಲ್ಲಿ ಗ್ರಾನೈಟ್ ಇಟ್ಟಿಗೆಗಳ ಮೇಲೆ 25,000ಕ್ಕೂ ಹೆಚ್ಚು ಹೆಸರುಗಳಿವೆ, ಒಂದು ಇಟ್ಟಿಗೆಗೆ ಒಬ್ಬರು. ಸ್ಮಾರಕದ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಬಹುದು. ಹೆಚ್ಚಿನ ವಿವರಕ್ಕೆ ಅವರ ರೆಜಿಮೆಂಟಿನ ದಾಖಲೆ ಕಚೇರಿಗೆ ಆರ್ಮಿ ನಂಬರು ಹಾಕಿ ಬರೆಯಿರಿ. ಪತ್ರ ಹೇಗೆ ಬರೆಯಬೇಕು ಅಂತ ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆಯವರನ್ನು ಕೇಳಿ.

ದೊಡ್ಡಮ್ಮ ನಂಬದೆ ಇದ್ದದ್ದರಲ್ಲಿ ಆಶ್ಚರ್ಯ ಇಲ್ಲ. ಆಗ ದೇಹ ಊರಿಗೆ ಬರುತ್ತಿರಲಿಲ್ಲ. ತ್ರಿವರ್ಣ ಹೊದಿಸಿದ ಪೆಟ್ಟಿಗೆ ಮನೆ ಬಾಗಿಲಿಗೆ ಬರುವುದನ್ನು ನಾವೆಲ್ಲ ನೋಡಿದ್ದು 1999ರ ಕಾರ್ಗಿಲ್‌ನಿಂದ ಈಚೆಗೆ. ನಿಮ್ಮ ಕೊಡಗಿನವರೇ ಆದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಗೆ ಹೋದ ವಿಮಾನ ವಾಪಸ್ ಬರಲಿಲ್ಲ. ಅವರು ಒಬ್ಬರೇ ಶತ್ರುವಿನ ಹೆಚ್ಚು ವೇಗದ ವಿಮಾನದ ಜೊತೆ ಕಾದಾಡಿ ಅದನ್ನು ಬೀಳಿಸಿದ್ದರು ಅನ್ನುವುದು ಇಲ್ಲಿಗೆ ತಿಳಿಯಲು ಎಷ್ಟೋ ವರ್ಷ ಬೇಕಾಯಿತು, ಅದೂ ಪಾಕಿಸ್ತಾನದ ಕಡೆಯ ಮೂಲಗಳಿಂದ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ಬಿಟ್ಟು. ಅಷ್ಟು ವರ್ಷ ಆ ಮನೆಯವರ ಹತ್ತಿರ ಇದ್ದದ್ದೂ ನಿಮ್ಮ ದೊಡ್ಡಮ್ಮನ ಹತ್ತಿರ ಇದ್ದಂಥ ಮಾತೇ.

ಪ್ರಶ್ನೆ (ಶಿಕಾರಿಪುರದಿಂದ): ನಮ್ಮ ಹೊಲದ ಬದುವಿನಲ್ಲಿ ಒಂದು ವೀರಗಲ್ಲು ಇದೆ. ಅದು ನಮ್ಮ ವಂಶದವರದ್ದೇ ಅಂತ ಊರಲ್ಲಿ ಹೇಳುತ್ತಾರೆ. ಪೇಂಟ್ ಹೊಡೆಸಿ ಪೂಜೆ ಮಾಡೋಣ ಅಂತಿದ್ದೇವೆ.

ಉತ್ತರ: ಪೂಜೆ ಮಾಡಿ, ಪೇಂಟ್ ಬೇಡ. ಎಣ್ಣೆಯೂ ಸುಣ್ಣವೂ ಬೇಡ, ಅಕ್ಷರ ಮುಚ್ಚಿಹೋಗುತ್ತದೆ. ನಿಮ್ಮ ವಂಶದವರದ್ದಾ ಅಂತ ಖಚಿತ ಮಾಡುವುದು ಕಷ್ಟ, ಸಾವಿರ ವರ್ಷದಲ್ಲಿ ಹೊಲ ಎಷ್ಟು ಕೈ ಬದಲಾಗಿರುತ್ತದೋ. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುವುದು, ಮೇಲೆ ಶಿವಲಿಂಗದ ಮುಂದೆ ಅವನು ಕೂತಿರುವುದು, ಸಾಮಾನ್ಯವಾಗಿ ಹೀಗಿರುತ್ತದೆ. ಕೆಳಗೆ ದನಗಳ ಸಾಲು ಇದ್ದರೆ ಅವನು ಸತ್ತಿದ್ದು ರಾಜನ ಯುದ್ಧದಲ್ಲಲ್ಲ, ಊರಿನ ದನ ಬಿಡಿಸುವಾಗ. ಪಟ್ಟಿಗಳ ನಡುವಿನ ಅಂಚಿನಲ್ಲಿ ಬರಹ ಇದ್ದರೆ ಸಂಜೆ ಓರೆ ಬಿಸಿಲಿನಲ್ಲಿ ಫೋಟೋ ತೆಗೆಯಿರಿ. ಆಮೇಲೆ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಗ್ರಹದ ಶಿವಮೊಗ್ಗ ಸಂಪುಟದಲ್ಲಿ ನಿಮ್ಮ ತಾಲೂಕು, ಊರು ಹುಡುಕಿ. ಅದನ್ನು ಮೊದಲು ಹೊರತಂದ ಬಿ.ಎಲ್. ರೈಸ್ ಅವರ ಕಾಲದಲ್ಲೇ ಓದಿ ಅಚ್ಚಾಗಿರುವ ಸಾಧ್ಯತೆ ಇದೆ. ‘ನೆತ್ತರುಗೊಡಗೆ’ ಅನ್ನುವ ಮಾತು ಕಂಡರೆ ನಿಂತು ಓದಿ, ಸತ್ತವನ ಮನೆಯವರಿಗೆ ಕೊಟ್ಟ ಭೂಮಿ ಅದು. ಆ ಭೂಮಿ ಎಲ್ಲಿಂದ ಎಲ್ಲಿಗೆ ಅಂತಲೂ ಬರೆದಿದ್ದರೆ ನಿಮ್ಮ ಹೊಲವೇ ಇದ್ದರೂ ಇರಬಹುದು.

ನಮ್ಮವರು ಸಾವಿರ ವರ್ಷದ ಹಿಂದೆ ಇಂಥ ಊರಿನ ಇಂಥವನು ಸತ್ತ ಅಂತ ಹೆಸರು ಹಿಡಿದು ಕಲ್ಲಿಗೆ ಹಾಕುತ್ತಿದ್ದರು. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿನಲ್ಲಿ ಹಂದಿಯ ಜೊತೆ ಕಾದಾಡಿ ಸತ್ತ ನಾಯಿಯ ಹೆಸರೂ ಸಿಕ್ಕಿದೆ, ಕಾಳಿ ಅಂತ. ಬಸ್ರಾದ ಕಲ್ಲಿನ ಮೇಲಿನ ಅಂಕಿ ನೋಡಿದಾಗೆಲ್ಲ ನನಗೆ ಆ ಕಾಳಿ ನೆನಪಾಗುತ್ತದೆ.

ಪ್ರಶ್ನೆ (ಕೋಲಾರದಿಂದ): ಹಳೇ ಫೋಟೋ ಒಂದು ಬಿಟ್ಟರೆ ನಮ್ಮಲ್ಲಿ ಬೇರೇನೂ ಇಲ್ಲ. ಬರೀ ಫೋಟೋದಿಂದ ಏನಾದರೂ ತಿಳಿಯುತ್ತದಾ?

ಉತ್ತರ: ತಿಳಿಯುತ್ತದೆ. ಮುಖ ನೋಡಬೇಡಿ, ಬಟ್ಟೆ ನೋಡಿ. ಭುಜದ ಮೇಲಿನ ಹಿತ್ತಾಳೆ ಅಕ್ಷರಗಳು ಪಲ್ಟನ್ನಿನ ಗುರುತು. ತೋಳಿನ ಮೇಲಿನ ಪಟ್ಟಿ ದರ್ಜೆ. ಚೌಕಟ್ಟು ಬಿಚ್ಚಿ ಹಿಂಭಾಗ ನೋಡಿ, ಸ್ಟುಡಿಯೋದ ಮುದ್ರೆ ಇದ್ದರೆ ಆಗ ಯಾವ ಊರಿನಲ್ಲಿದ್ದರು ಅಂತ ಗೊತ್ತಾಗುತ್ತದೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಗಾಜಿಗೆ ಅಂಟಿದ್ದರೆ ಎಳೆಯಬೇಡಿ, ಮುಖದ ಸಮೇತ ಕಿತ್ತು ಬರುತ್ತದೆ.

ನಮ್ಮ ಮನೆಯ ನಡುಮನೆಯಲ್ಲಿ ಅಜ್ಜಿಯ ಅಣ್ಣನದು ಅಂತ ಒಂದು ಫೋಟೋ ಇದೆ. ಚಿಕ್ಕಂದಿನಿಂದ ನೋಡಿದ್ದೇ. ಈ ಹುಡುಕಾಟ ಶುರುವಾದ ಮೇಲೆ ಒಂದು ದಿನ ಭೂತಗನ್ನಡಿ ಹಿಡಿದು ನೋಡಿದರೆ ಎದೆಗೆ ಅಡ್ಡಲಾಗಿ ಗುಂಡಿನ ಚರ್ಮದ ಪಟ್ಟಿ, ಬೂಟಿನ ಹಿಮ್ಮಡಿಯಲ್ಲಿ ಕುದುರೆಗೆ ಚುಚ್ಚುವ ಮುಳ್ಳು. ಪಯನಿಯರ್‌ನವರು ಗುದ್ದಲಿ ಹಿಡಿದು ರಸ್ತೆ ಮಾಡುತ್ತಾ ನಡೆದು ಹೋಗುವ ಪಲ್ಟನ್, ಅವರಿಗೆಲ್ಲಿಯ ಮುಳ್ಳು? ಇದು ಯಾರೋ ಕುದುರೆ ಸವಾರ. ಜೊತೆಯವನ ಫೋಟೋ ಇವನ ಸಾಮಾನಿನ ಜೊತೆ ಸೇರಿ ಬಂದಿರಬೇಕು, ಇಲ್ಲವೇ ಸ್ಟುಡಿಯೋದವನು ಅದಲುಬದಲು ಮಾಡಿರಬೇಕು. ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಇರಲಿ ಬಿಡು, ಇಷ್ಟು ವರ್ಷ ಇದ್ದಾನೆ ಅಂದರು. ಫೋಟೋ ಅಲ್ಲೇ ಇದೆ. ಈ ಸಲ ಹಿರಿಯರ ಹಬ್ಬಕ್ಕೆ ಅದರ ಮುಂದೆ ಎರಡು ಎಲೆ ಹಾಕಿದ್ದರು.